ಆ ಮೊದಲ ಸ್ಲ್ಯಾಶ್

"ಅಲ್ಲಮ್ಮಾ, ಮುಖಪುಟದಲ್ಲಿ ಲೋಗೋ ನೆಟ್ಟಗೆ ಕಾಣ್ತದೆ. ಹೊಸ ಪುಸ್ತಕಗಳ ಪುಟಕ್ಕೆ ಹೋದ್ರೆ ಅದೇ ಲೋಗೋ ಮಾಯ. ಚಿತ್ರ ಒಂದೇ, ಸಾಲೂ ಒಂದೇ. ಕಾಪಿ ಮಾಡಿ ಅಂಟಿಸಿದ್ದೀನಿ, ಒಂದಕ್ಷರ ಆಚೀಚೆ ಆಗಿಲ್ಲ!"

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಮೇಷ್ಟ್ರು ಕೇಳಿದ ಪ್ರಶ್ನೆ ಇದು. ರಿಟೈರ್ ಆದ ಮೇಲೆ ನಮ್ಮ ಬಡಾವಣೆಯ ವಾಚನಾಲಯಕ್ಕೆ ಅವರೇ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಾರೆ. ರೆಡಿಮೇಡ್ ಟೆಂಪ್ಲೇಟು ಬೇಡವೆಂದು ಎಚ್‌ಟಿಎಂಎಲ್ ಕಲಿತು ಒಂದೊಂದೇ ಪುಟವನ್ನು ಕೈಯಾರೆ ಬರೆದಿದ್ದಾರೆ. ಫೋಲ್ಡರುಗಳಿಗೂ ಫೈಲುಗಳಿಗೂ ಕನ್ನಡದಲ್ಲೇ ಹೆಸರಿಟ್ಟಿದ್ದಾರೆ. ವೆಬ್‌ಸೈಟ್ ಕಟ್ಟುವುದೇ ನನ್ನ ಕಸುಬಾದ್ದರಿಂದ ಏನು ಕೆಟ್ಟರೂ ಮೊದಲು ನನಗೆ ಕರೆ ಬರುತ್ತದೆ.

"ಒಂದಕ್ಷರವೂ ಬದಲಾಗಿಲ್ಲವಲ್ಲ, ಅದಕ್ಕೇ ಹಾಗಾಗಿರೋದು ಮೇಷ್ಟ್ರೇ" ಅಂದೆ.

ಅವರು ಬರೆದಿದ್ದ ಪಾತ್, ಅಂದರೆ ಫೈಲಿಗೆ ಹೋಗುವ ದಾರಿ, ಹೀಗಿತ್ತು: ಚಿತ್ರ/ಲೋಗೋ.ಪಿಎನ್‌ಜಿ. ಮುಖಪುಟ ಇರುವುದು ಸೈಟಿನ ಮೇಲ್ಮಟ್ಟದಲ್ಲಿ. ಅಲ್ಲಿ ಈ ಸಾಲನ್ನು ಓದಿದ ಬ್ರೌಸರಿಗೆ 'ಚಿತ್ರ' ಫೋಲ್ಡರು ಪಕ್ಕದಲ್ಲೇ ಸಿಗುತ್ತದೆ. ಹೊಸ ಪುಸ್ತಕಗಳ ಪುಟ ಇರುವುದು 'ಪುಸ್ತಕ' ಎಂಬ ಫೋಲ್ಡರಿನೊಳಗೆ. ಅಲ್ಲಿ ಅದೇ ಸಾಲನ್ನು ಓದಿದ ಬ್ರೌಸರು ಸರ್ವರಿನ ಹತ್ತಿರ /ಪುಸ್ತಕ/ಚಿತ್ರ/ಲೋಗೋ.ಪಿಎನ್‌ಜಿ ಕೊಡು ಅನ್ನುತ್ತದೆ. ಅಂಥ ಫೈಲೇ ಇಲ್ಲವಲ್ಲ, ಸರ್ವರು 404 ಹೇಳಿ ಸುಮ್ಮನಾಗುತ್ತದೆ.

ಮೇಷ್ಟ್ರಿಗೆ ತಕ್ಷಣ ಹೊಳೆಯಿತು. "ಅಂದ್ರೆ, ಎಡಕ್ಕೆ ತಿರುಗಿ ಮೂರನೇ ಮನೆ ಅಂತ ದಾರಿ ಹೇಳಿದ ಹಾಗಾಯ್ತು. ಕೇಳಿಸಿಕೊಂಡವನು ಎಲ್ಲಿ ನಿಂತಿದ್ದಾನೋ ಅದರ ಮೇಲೆ ಮನೆ ಬದಲಾಗುತ್ತೆ."

"ಹೌದು. ಬಸ್ ಸ್ಟ್ಯಾಂಡಿನಿಂದ ಶುರುಮಾಡಿ ಹೇಳಿದ್ರೆ ಎಲ್ಲಿಂದ ಹೊರಟವರಿಗೂ ಒಂದೇ ಮನೆ ಸಿಗುತ್ತೆ. ಸೈಟಿನಲ್ಲಿ ಆ ಬಸ್ ಸ್ಟ್ಯಾಂಡಿನ ಜಾಗದಲ್ಲಿರೋದು ರೂಟ್. ಅಲ್ಲಿಂದ ಶುರು ಅಂತ ಹೇಳೋಕೆ ಮೊದಲಲ್ಲಿ ಒಂದು ಸ್ಲ್ಯಾಶ್ ಹಾಕಿದ್ರೆ ಸಾಕು. /ಚಿತ್ರ/ಲೋಗೋ.ಪಿಎನ್‌ಜಿ ಅಂತ ಬರೀರಿ, ಯಾವ ಪುಟದಿಂದ ಬೇಕಾದ್ರೂ ನೋಡಿ."

ಆ ಒಂದು ಸ್ಲ್ಯಾಶ್ ಹಾಕಿದರು, ಲೋಗೋ ಬಂತು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮೇಷ್ಟ್ರು ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ, ನನಗೂ ಈ ವಿಷಯದಲ್ಲಿ ಹೇಳುವುದು ಬೇಕಾದಷ್ಟಿದೆ. ಸೈಟು ಕೆಟ್ಟಿದೆ ಎಂದು ಜನ ನನ್ನ ಹತ್ತಿರ ತರುವ ದೂರುಗಳಲ್ಲಿ ಎಷ್ಟೋ ಕೊನೆಗೆ ಬಂದು ನಿಲ್ಲುವುದು ಪಾತಿನ ಮೇಲೆಯೇ. ಚಿತ್ರ ಬರುತ್ತಿಲ್ಲ, ಬಣ್ಣ ಹೋಗಿದೆ, ಮೆನು ಒತ್ತಿದರೆ ಎಲ್ಲೋ ಹೋಗುತ್ತದೆ, ಹೀಗೆ ಒಬ್ಬೊಬ್ಬರದು ಒಂದೊಂದು ವರ್ಣನೆ.

"ನನ್ನ ಮೊಮ್ಮಗ ಬೇರೆ ಉಪಾಯ ಹೇಳಿದ್ದ" ಅಂದರು ಮೇಷ್ಟ್ರು. "ಡಾಟ್ ಡಾಟ್ ಸ್ಲ್ಯಾಶ್ ಹಾಕು ತಾತ, ಒಂದು ಮೆಟ್ಟಿಲು ಮೇಲೆ ಹೋಗುತ್ತೆ ಅಂದ."

ಮೊಮ್ಮಗ ಹೇಳಿದ್ದರಲ್ಲಿ ತಪ್ಪಿಲ್ಲ. ../ಚಿತ್ರ/ಲೋಗೋ.ಪಿಎನ್‌ಜಿ ಎಂದರೆ ಈ ಫೋಲ್ಡರಿನಿಂದ ಮೇಲೆ ಹೋಗಿ ಅಲ್ಲಿಂದ 'ಚಿತ್ರ'ದೊಳಗೆ ಇಳಿ ಎಂದರ್ಥ. ಹೊಸ ಪುಸ್ತಕಗಳ ಪುಟಕ್ಕೆ ಅದು ಸರಿಹೋಗುತ್ತದೆ. ನಾಳೆ 'ಪುಸ್ತಕ'ದೊಳಗೆ 'ಕಾದಂಬರಿ' ಎಂಬ ಇನ್ನೊಂದು ಫೋಲ್ಡರು ಮಾಡಿದರೆ ಅಲ್ಲಿ ಎರಡು ಸಲ ಡಾಟ್ ಡಾಟ್ ಸ್ಲ್ಯಾಶ್ ಬೇಕು. ಅದರೊಳಗೆ ಮತ್ತೊಂದಾದರೆ ಮೂರು. ಎಲ್ಲ ಪುಟಕ್ಕೂ ಒಂದೇ ತಲೆಪಟ್ಟಿ, ಒಂದೇ ಮೆನು ಇಟ್ಟುಕೊಳ್ಳುವವರಿಗೆ ಈ ಲೆಕ್ಕ ಎಂದೂ ಹೊಂದುವುದಿಲ್ಲ. ಒಂದೇ ತುಂಡು ಹತ್ತು ಆಳಗಳಲ್ಲಿ ಕೂರಬೇಕಾದಾಗ, ಆಳವನ್ನೇ ಕೇಳದ ವಿಳಾಸ ಬೇಕು. ಅದಕ್ಕೇ ನಾನು ಹೊಸಬರಿಗೆಲ್ಲ ಹೇಳುವುದು: ಒಂದು ಸೈಟಿನೊಳಗಿನ ಲಿಂಕುಗಳನ್ನು ರೂಟಿನಿಂದಲೇ ಬರೆಯಿರಿ.

ಫೋಲ್ಡರಿನ ಕೊನೆಯ ಸ್ಲ್ಯಾಶಿನ ವಿಚಾರ ಇನ್ನೂ ಸೂಕ್ಷ್ಮ. ವಿಳಾಸಪಟ್ಟಿಯಲ್ಲಿ /ಪುಸ್ತಕ/ ಎಂದಿದ್ದರೆ ಬ್ರೌಸರು ತಾನು 'ಪುಸ್ತಕ' ಫೋಲ್ಡರಿನ ಒಳಗಿದ್ದೇನೆ ಎಂದುಕೊಳ್ಳುತ್ತದೆ. ಕೊನೆಯ ಸ್ಲ್ಯಾಶ್ ಇಲ್ಲದೆ /ಪುಸ್ತಕ ಎಂದಷ್ಟೇ ಇದ್ದರೆ 'ಪುಸ್ತಕ' ಒಂದು ಫೈಲು, ತಾನು ನಿಂತಿರುವುದು ರೂಟಿನಲ್ಲಿ ಎಂದುಕೊಳ್ಳುತ್ತದೆ. ಸರ್ವರು ಎರಡಕ್ಕೂ ಅದೇ ಪುಟ ಕೊಟ್ಟರೂ ಸ್ಲ್ಯಾಶಿಲ್ಲದೆ ಶುರುವಾಗುವ ಲಿಂಕುಗಳು ಎರಡು ಬೇರೆ ಬೇರೆ ಕಡೆ ಹೋಗುತ್ತವೆ. ಅಪಾಚೆ ಸರ್ವರು ನಿಜವಾದ ಫೋಲ್ಡರನ್ನು ಸ್ಲ್ಯಾಶಿಲ್ಲದೆ ಕೇಳಿದರೆ, ಸ್ಲ್ಯಾಶ್ ಸೇರಿಸಿದ ವಿಳಾಸಕ್ಕೆ ಕಳಿಸಿಬಿಡುವುದು ಈ ಕಾರಣಕ್ಕೇ. ರೂಟಿನಿಂದ ಬರೆದ ಲಿಂಕಿಗೆ ಈ ತಾಪತ್ರಯವಿಲ್ಲ.

"ಇದನ್ನೆಲ್ಲ ಯಾರು ನಿರ್ಧರಿಸಿದ್ದು?" ಎಂದು ಮೇಷ್ಟ್ರು ಕೇಳಿದರು. ಒಳ್ಳೆಯ ಪ್ರಶ್ನೆ. ಬ್ರೌಸರು ತನಗೆ ತೋಚಿದ ಹಾಗೆ ಮಾಡುವಂತಿಲ್ಲ, ಇದಕ್ಕೆ ಬರೆದಿಟ್ಟ ನಿಯಮವಿದೆ. 1995ರ ಜೂನ್‌ನಲ್ಲಿ ರಾಯ್ ಫೀಲ್ಡಿಂಗ್ ಬರೆದ ಆರ್‌ಎಫ್‌ಸಿ 1808 ಎಂಬ ದಾಖಲೆ ಸಾಪೇಕ್ಷ ವಿಳಾಸಗಳನ್ನು ಹೇಗೆ ಬಿಡಿಸಿಕೊಳ್ಳಬೇಕೆಂದು ಹೇಳಿತು. 2005ರ ಜನವರಿಯಲ್ಲಿ, ವೆಬ್ಬನ್ನು ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ, ಫೀಲ್ಡಿಂಗ್ ಮತ್ತು ಲ್ಯಾರಿ ಮಸಿಂಟರ್ ಸೇರಿ ಬರೆದ ಆರ್‌ಎಫ್‌ಸಿ 3986 ಅದನ್ನು ಇನ್ನಷ್ಟು ಬಿಗಿ ಮಾಡಿತು.

ಆ ದಾಖಲೆಯಲ್ಲಿ ಒಂದು ಪುಟ್ಟ ಉದಾಹರಣೆ ಇದೆ. 'ಎ' ಎಂಬ ಸರ್ವರಿನಲ್ಲಿ /ಬಿ/ಸಿ/ ಫೋಲ್ಡರಿನ ಒಂದು ಪುಟದಲ್ಲಿ ನಾವಿದ್ದೇವೆ. ಅಲ್ಲಿ ಬರೀ 'ಜಿ' ಎಂದು ಬರೆದರೆ /ಬಿ/ಸಿ/ಜಿ ಸಿಗುತ್ತದೆ. '../ಜಿ' ಎಂದರೆ /ಬಿ/ಜಿ. '/ಜಿ' ಎಂದರೆ ನೇರವಾಗಿ ಎ ಸರ್ವರಿನ /ಜಿ. ಇಷ್ಟು ಸುಲಭ. ಮೂರು ಸಲ ಮೇಲೆ ಹೋಗು ಎಂದು '../../../ಜಿ' ಬರೆದರೆ? ಇರುವುದೇ ಎರಡು ಮೆಟ್ಟಿಲು. 1995ರ ದಾಖಲೆ ಇದಕ್ಕೆ '/../ಜಿ' ಎಂಬ ಉತ್ತರ ಕೊಟ್ಟಿತ್ತು, ಅಂದರೆ ಮೇಲೆ ಹೋಗುವ ಆ ಚುಕ್ಕಿಗಳನ್ನು ಹಾಗೇ ಉಳಿಸಿತ್ತು. 2005ರ ದಾಖಲೆ ಅದನ್ನು ಬದಲಿಸಿತು: ರೂಟಿಗಿಂತ ಮೇಲೆ ಯಾರೂ ಹೋಗುವಂತಿಲ್ಲ, ಹೆಚ್ಚಾದ ಡಾಟ್ ಡಾಟ್‌ಗಳನ್ನು ಬಿಸಾಕಿ, ಉತ್ತರ '/ಜಿ'. ಈ ಬದಲಾವಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ಸೈಟಿನ ರೂಟು ಒಂದು ಗಡಿ, ಅದರಾಚೆ ಲಿಂಕಿಗೆ ಜಾಗವಿಲ್ಲ ಎಂದು ಅದು ಖಚಿತವಾಗಿ ಹೇಳಿತು.

"ಈ ಸ್ಲ್ಯಾಶೇ ಯಾಕೆ ಬೇಕಿತ್ತು? ಚುಕ್ಕಿ ಇಡಬಹುದಿತ್ತಲ್ಲ?"

ಅದು ವೆಬ್ಬಿಗಿಂತ ಹಳೆಯದು ಮೇಷ್ಟ್ರೇ. 1960ರ ದಶಕದ ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲಿ ಫೋಲ್ಡರಿನೊಳಗೆ ಫೋಲ್ಡರು ಇಡುವ ಏರ್ಪಾಡಿತ್ತು, ನಡುವೆ ಬರೆಯುತ್ತಿದ್ದದ್ದು 'ಹೆಚ್ಚು' ಎಂಬುದರ ಗಣಿತ ಚಿಹ್ನೆ. ಅದರ ಅನುಭವದಿಂದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಕಟ್ಟಿದ ಯೂನಿಕ್ಸ್ ಸ್ಲ್ಯಾಶನ್ನು ಆರಿಸಿಕೊಂಡಿತು. ಹಿಂದೆ ಏನೂ ಇಲ್ಲದ ಒಂಟಿ ಸ್ಲ್ಯಾಶ್ ಎಂದರೆ ಎಲ್ಲಕ್ಕೂ ಮೇಲಿನ ಫೋಲ್ಡರು, ಅದೇ ರೂಟ್. ಡಾಟ್ ಡಾಟ್ ಎಂದರೆ ಮೇಲಿನದು ಎಂಬುದೂ ಯೂನಿಕ್ಸಿನದೇ. ವೆಬ್ಬಿನ ವಿಳಾಸಗಳು ಈ ಪದ್ಧತಿಯನ್ನು ಹಾಗೇ ತೆಗೆದುಕೊಂಡವು.

ವಿಂಡೋಸ್ ಬಳಸುವವರಿಗೆ ಹಿಂದಕ್ಕೆ ವಾಲಿದ ಸ್ಲ್ಯಾಶ್ ಗಂಟುಬಿದ್ದದ್ದು 1983ರಲ್ಲಿ. ವಿಂಡೋಸಿಗೂ ಮುಂಚಿನ ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳೇ ಇರಲಿಲ್ಲ, ಸ್ಲ್ಯಾಶನ್ನು ಕಮಾಂಡಿಗೆ ಆಯ್ಕೆಗಳನ್ನು ಸೇರಿಸಲು ಬಳಸಿಬಿಟ್ಟಿದ್ದರು. ಎರಡನೇ ಆವೃತ್ತಿಯಲ್ಲಿ ಫೋಲ್ಡರು ಬಂದಾಗ ಮುಂದಿನ ಸ್ಲ್ಯಾಶ್ ಖಾಲಿ ಇರಲಿಲ್ಲ, ಬ್ಯಾಕ್‌ಸ್ಲ್ಯಾಶ್ ಬಂತು. ಇಂದಿನ ಬ್ರೌಸರುಗಳು ವೆಬ್ ವಿಳಾಸದಲ್ಲಿ ಬ್ಯಾಕ್‌ಸ್ಲ್ಯಾಶ್ ಕಂಡರೆ ಅದನ್ನು ಸ್ಲ್ಯಾಶೆಂದೇ ತಿದ್ದಿ ಓದುತ್ತವೆ. ಇದರಿಂದ ಒಂದು ಉಪದ್ರವವೂ ಇದೆ: ವಿಂಡೋಸಿನಲ್ಲಿ ಕೂತು ಬರೆದ ಬ್ಯಾಕ್‌ಸ್ಲ್ಯಾಶ್ ಬ್ರೌಸರಿನಲ್ಲಿ ಚೆನ್ನಾಗಿ ನಡೆಯುತ್ತದೆ, ಅದೇ ಅಭ್ಯಾಸದಲ್ಲಿ ಲಿನಕ್ಸ್ ಸರ್ವರಿನ ಕೋಡಿನಲ್ಲಿ ಬರೆದರೆ ಫೈಲು ಸಿಗುವುದಿಲ್ಲ. ಅಕ್ಷರದ ಮಾತೂ ಹಾಗೆಯೇ. ಲೋಗೋ ಫೈಲಿನ ಹೆಸರು ಇಂಗ್ಲಿಷಿನಲ್ಲಿದ್ದು ಅದರಲ್ಲೊಂದು ದೊಡ್ಡಕ್ಷರವಿದ್ದರೆ ವಿಂಡೋಸ್ ಅದನ್ನು ಲೆಕ್ಕಕ್ಕಿಡುವುದಿಲ್ಲ, ಲಿನಕ್ಸಿಗೆ ಅದು ಬೇರೆಯದೇ ಫೈಲು.

ಎರಡು ಸ್ಲ್ಯಾಶಿನ ಕಥೆ ಬೇರೆ. ವಿಳಾಸದ ಆರಂಭದಲ್ಲಿ ಎಚ್‌ಟಿಟಿಪಿ ಆದ ಮೇಲೆ ಬರುವ ಜೋಡಿ ಸ್ಲ್ಯಾಶು ಸರ್ವರಿನ ಹೆಸರು ಇಲ್ಲಿಂದ ಶುರು ಎಂದು ತೋರಿಸುತ್ತದೆ. ಬರ್ನರ್ಸ್-ಲೀ ಅದನ್ನು ಅಪೋಲೋ ಕಂಪನಿಯ ಕಂಪ್ಯೂಟರುಗಳ ರೂಢಿಯಿಂದ ತಂದರು, ಅಲ್ಲಿ ಇನ್ನೊಂದು ಯಂತ್ರದ ಫೈಲನ್ನು ಹೇಳಲು ಜೋಡಿ ಸ್ಲ್ಯಾಶ್ ಹಾಕುತ್ತಿದ್ದರು. ಅದು ಇರದೆಯೂ ನಡೆಯುತ್ತಿತ್ತು ಎಂದು 2009ರಲ್ಲಿ ಅವರೇ ಹೇಳಿದರು. ಈಗಂತೂ ಅದು ಬೇರೂರಿಬಿಟ್ಟಿದೆ. ಅದಕ್ಕೊಂದು ಅರ್ಥ ಇರುವುದರಿಂದ ನಾವು ಎಚ್ಚರವಾಗಿರಬೇಕು. ಕೈತಪ್ಪಿ //ಚಿತ್ರ/ಲೋಗೋ.ಪಿಎನ್‌ಜಿ ಎಂದು ಎರಡು ಸ್ಲ್ಯಾಶ್ ಬಿದ್ದರೆ ಬ್ರೌಸರು ನಮ್ಮ ಸೈಟನ್ನು ಬಿಟ್ಟೇ ಹೋಗುತ್ತದೆ, 'ಚಿತ್ರ' ಎಂಬ ಹೆಸರಿನ ಯಾವುದೋ ಸರ್ವರನ್ನು ಹುಡುಕುತ್ತದೆ. ಒಂದು ವೇರಿಯಬಲ್ಲಿನ ಕೊನೆಯಲ್ಲಿ ಸ್ಲ್ಯಾಶ್, ಅದಕ್ಕೆ ಸೇರಿಸುವ ಪಾತಿನ ಮೊದಲಲ್ಲಿ ಸ್ಲ್ಯಾಶ್, ಎರಡೂ ಕೂಡಿ ಈ ಜೋಡಿ ಹುಟ್ಟುವುದು ದಿನಬೆಳಗಾದರೆ ಕಾಣುವ ಸಂಗತಿ. ಇಬ್ಬರಲ್ಲಿ ಯಾರು ಸ್ಲ್ಯಾಶ್ ತರಬೇಕು ಎಂದು ಮೊದಲೇ ಒಂದು ಕಟ್ಟಳೆ ಮಾಡಿಕೊಂಡರೆ ಈ ಗೋಜಿಲ್ಲ.

ಮಾರನೇ ಸಂಜೆ ಮೇಷ್ಟ್ರು ಇನ್ನೂ ಗಂಭೀರವಾಗಿ ಬಂದರು. "ನೀನು ಹೇಳಿದ್ದು ಸರಿ ಅನ್ನಿಸಿತು, ಎಲ್ಲ ಕಡೆ ಸ್ಲ್ಯಾಶ್ ಹಾಕಿದೆ. ಈಗ ಪುಟವೇ ಬರ್ತಿಲ್ಲ. ಪಿಎಚ್‌ಪಿ ಏನೋ ಕೂಗಾಡ್ತಿದೆ."

ನೋಡಿದರೆ, ಪಿಎಚ್‌ಪಿ ಭಾಷೆಯಲ್ಲಿ ತಲೆಪಟ್ಟಿಯ ತುಂಡನ್ನು ಪ್ರತಿ ಪುಟಕ್ಕೂ ಸೇರಿಸುವ ಇನ್‌ಕ್ಲೂಡ್ ಸಾಲಿನಲ್ಲೂ /ಭಾಗ/ತಲೆಪಟ್ಟಿ.ಪಿಎಚ್‌ಪಿ ಎಂದು ಬರೆದಿದ್ದರು. ನಾನು ಅವರಿಗೆ ಹೇಳಬೇಕೆಂದಿದ್ದ ಅಸಲು ಮಾತಿಗೆ ಇದೇ ಸರಿಯಾದ ಸಮಯ.

"ಮೇಷ್ಟ್ರೇ, ಲೋಗೋ ಸಾಲನ್ನ ಓದೋದು ಯಾರು?"

"ಬ್ರೌಸರು."

"ಇನ್‌ಕ್ಲೂಡ್ ಸಾಲನ್ನ?"

ಅವರು ಯೋಚಿಸಿದರು. "ಅದು ಬ್ರೌಸರ್ ತನಕ ಬರೋದೇ ಇಲ್ಲ. ಸರ್ವರಲ್ಲೇ ಪಿಎಚ್‌ಪಿ ಓದಿ ಮುಗಿಸುತ್ತೆ."

"ಅಷ್ಟೇ. ಸ್ಲ್ಯಾಶ್ ಒಂದೇ ಆದ್ರೂ ಓದುವವರು ಇಬ್ಬರು. ಇಬ್ಬರ ರೂಟೂ ಬೇರೆ."

ಬ್ರೌಸರಿಗೆ ಮೊದಲ ಸ್ಲ್ಯಾಶ್ ಎಂದರೆ ಈ ಸೈಟಿನ ಮೇಲ್ಮಟ್ಟ. ಅದಕ್ಕಿಂತ ಮೇಲೆ ಏನಿದೆ ಎಂಬುದು ಅದಕ್ಕೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಸರ್ವರಿನೊಳಗೆ ಓಡುವ ಪಿಎಚ್‌ಪಿಗೆ ಮೊದಲ ಸ್ಲ್ಯಾಶ್ ಎಂದರೆ ಇಡೀ ಯಂತ್ರದ ಫೈಲು ವ್ಯವಸ್ಥೆಯ ಮೇಲ್ಮಟ್ಟ, ಯೂನಿಕ್ಸಿನ ಹಳೆಯ ಅರ್ಥದ ರೂಟು. ನಮ್ಮ ಸೈಟು ಕೂತಿರುವುದು ಅದರೊಳಗಿನ ಒಂದು ಮೂಲೆಯಲ್ಲಿ. ಉಬುಂಟು, ಡೆಬಿಯನ್ ಯಂತ್ರಗಳಲ್ಲಿ ಅಪಾಚೆ ಹಾಕಿದರೆ ಆ ಮೂಲೆ ಸಾಮಾನ್ಯವಾಗಿ /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಎಚ್‌ಟಿಎಂಎಲ್. ಹಲವರು ಹಂಚಿಕೊಳ್ಳುವ ಹೋಸ್ಟಿಂಗಿನಲ್ಲಿ ಹೆಚ್ಚಾಗಿ ಪಬ್ಲಿಕ್ ಎಚ್‌ಟಿಎಂಎಲ್ ಎಂಬ ಫೋಲ್ಡರು. ಇದನ್ನು ಡಾಕ್ಯುಮೆಂಟ್ ರೂಟ್ ಅನ್ನುತ್ತಾರೆ. ಬ್ರೌಸರು /ಚಿತ್ರ/ಲೋಗೋ.ಪಿಎನ್‌ಜಿ ಎಂದು ಕೇಳಿದಾಗ ಅಪಾಚೆ ಆ ಸಾಲಿನ ಹಿಂದೆ ಡಾಕ್ಯುಮೆಂಟ್ ರೂಟನ್ನು ಅಂಟಿಸಿಕೊಂಡು ಫೈಲು ಹುಡುಕುತ್ತದೆ. ಇನ್‌ಕ್ಲೂಡ್ ಬರೆದಾಗ ಹಾಗೆ ಅಂಟಿಸುವವರು ಯಾರೂ ಇಲ್ಲ, ನಾವೇ ಬರೆಯಬೇಕು.

ಅಲ್ಲಿ ಡಾಟ್ ಡಾಟ್ ಹಾಕಿದರೂ ಸುಖವಿಲ್ಲ. ಪಿಎಚ್‌ಪಿಯಲ್ಲಿ ಚುಕ್ಕಿಯಿಂದ ಶುರುವಾಗುವ ಪಾತನ್ನು ಲೆಕ್ಕ ಹಾಕುವುದು ಆ ಹೊತ್ತಿನ ಕೆಲಸದ ಫೋಲ್ಡರಿನಿಂದ, ಸಾಮಾನ್ಯವಾಗಿ ಓದುಗ ಕೇಳಿದ ಪುಟ ಎಲ್ಲಿದೆಯೋ ಅಲ್ಲಿಂದ. ತಲೆಪಟ್ಟಿ ಫೈಲು ತನ್ನೊಳಗೆ ಮೆನುವನ್ನು '../' ಹಾಕಿ ಕರೆದರೆ, ತಲೆಪಟ್ಟಿ ಇರುವ ಜಾಗ ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ಮದ್ದು 2009ರಲ್ಲಿ ಪಿಎಚ್‌ಪಿ 5.3ರ ಜೊತೆ ಬಂತು: ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ 'ಡಿಐಆರ್' ಎಂಬ ಸ್ಥಿರಾಂಕ. ಈ ಸಾಲು ಬರೆದಿರುವ ಫೈಲು ಯಾವ ಫೋಲ್ಡರಿನಲ್ಲಿದೆ ಎಂದು ಅದು ಪೂರ್ತಿ ವಿಳಾಸ ಕೊಡುತ್ತದೆ, ಯಾರು ಎಲ್ಲಿಂದ ಕರೆದರೂ ಬದಲಾಗುವುದಿಲ್ಲ. ಡಾಕ್ಯುಮೆಂಟ್ ರೂಟನ್ನೇ ಹೇಳುವ ಸರ್ವರ್ ವೇರಿಯಬಲ್ಲೂ ಇದೆ. ಆದರೆ ರಾತ್ರಿ ತಾನೇ ಓಡುವ ಕ್ರಾನ್ ಕೆಲಸದಲ್ಲಿ ವೆಬ್ ಸರ್ವರು ನಡುವೆ ಇರುವುದಿಲ್ಲ, ಆಗ ಅದು ಖಾಲಿ ಬರುತ್ತದೆ. ಆದ್ದರಿಂದ ನಾನು ಮೊದಲನೆಯದನ್ನೇ ನೆಚ್ಚುತ್ತೇನೆ. ಮೇಷ್ಟ್ರ ಇನ್‌ಕ್ಲೂಡ್ ಸಾಲುಗಳನ್ನು ಹಾಗೆ ತಿದ್ದಿದೆವು, ಪುಟ ಎದ್ದು ಬಂತು.

ಓದುವವರು ಇಬ್ಬರೇ ಅಂದೆನಾದರೂ ಹುಡುಕಿದರೆ ಇನ್ನೂ ಇದ್ದಾರೆ. ಸಿಎಸ್‌ಎಸ್ ಫೈಲಿನಲ್ಲಿ ಹಿನ್ನೆಲೆಯ ಚಿತ್ರಕ್ಕೆ ಪಾತ್ ಬರೆದರೆ ಬ್ರೌಸರು ಅದನ್ನು ಎಣಿಸುವುದು ಸಿಎಸ್‌ಎಸ್ ಫೈಲು ಇರುವ ಜಾಗದಿಂದ. 1996ರ ಮೊದಲ ಸಿಎಸ್‌ಎಸ್ ನಿಯಮದಲ್ಲೇ ಇದು ಸ್ಪಷ್ಟವಾಗಿದೆ. ಅದೇ ಪಾತನ್ನು ಜಾವಾಸ್ಕ್ರಿಪ್ಟಿನಲ್ಲಿ ಫೆಚ್‌ಗೆ ಕೊಟ್ಟರೆ ಎಣಿಕೆ ಪುಟ ಇರುವ ಜಾಗದಿಂದ, ಸ್ಕ್ರಿಪ್ಟ್ ಫೈಲು ಎಲ್ಲಿದ್ದರೂ ಸರಿಯೇ. ಎರಡರಲ್ಲೂ ಮೊದಲ ಸ್ಲ್ಯಾಶ್ ಇಟ್ಟರೆ ಈ ವ್ಯತ್ಯಾಸವೇ ಅಳಿದುಹೋಗುತ್ತದೆ.

ಹೀಗೆ ಸ್ಲ್ಯಾಶ್ ಹಾಕಿದ ಮೇಲೆ ಮೇಷ್ಟ್ರು ಮನೆಯಲ್ಲಿ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ನೋಡಿದಾಗ ಎಲ್ಲ ಚಿತ್ರವೂ ಹೋಗಿತ್ತು. ಆಗ ನಡುವೆ ಸರ್ವರಿಲ್ಲ, ಬ್ರೌಸರು ಡಿಸ್ಕಿನಿಂದ ನೇರ ಓದುತ್ತದೆ, ಮೊದಲ ಸ್ಲ್ಯಾಶ್ ಡಿಸ್ಕಿನ ಮೇಲ್ಮಟ್ಟಕ್ಕೆ ಹೋಗುತ್ತದೆ. ಮನೆಯಲ್ಲೇ ಒಂದು ಚಿಕ್ಕ ಸರ್ವರು ಓಡಿಸಿ ನೋಡುವುದೇ ಸರಿ. ಪಿಎಚ್‌ಪಿಯೊಳಗೆ 2012ರ 5.4ರಿಂದ ಅದು ಇದ್ದೇ ಇದೆ. ಪೈಥಾನ್‌ನಲ್ಲೂ ಒಂದೇ ಸಾಲಿನ ಕಮಾಂಡ್ ಸಾಕು.

"ಸರಿ, ಹಾಗಾದ್ರೆ ಮೊದಲ ಸ್ಲ್ಯಾಶ್ ಎಂದೂ ಕೈಕೊಡೋದಿಲ್ವಾ?" ಎಂದು ಮೇಷ್ಟ್ರು ಕೇಳಿದರು. ಕೊಡುತ್ತದೆ, ಅದನ್ನೂ ಹೇಳಲೇಬೇಕು. ಹೊಸ ವಿನ್ಯಾಸವನ್ನು ಮೊದಲು /ಪರೀಕ್ಷೆ/ ಎಂಬ ಫೋಲ್ಡರಿನಲ್ಲಿಟ್ಟು ನೋಡೋಣ ಎಂದು ಅವರು ಹೊರಟಿದ್ದರು. ಅಲ್ಲಿಟ್ಟ ಪುಟದಲ್ಲಿ /ಚಿತ್ರ/ಲೋಗೋ.ಪಿಎನ್‌ಜಿ ಎಂದರೆ ಪರೀಕ್ಷೆಯ ಚಿತ್ರ ಬರುವುದಿಲ್ಲ, ಅಸಲು ಸೈಟಿನದು ಬರುತ್ತದೆ. ಮೆನು ಒತ್ತಿದರೆ ಹಳೆಯ ಸೈಟಿಗೆ ಹೋಗುತ್ತದೆ. ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ಪ್ರಾಜೆಕ್ಟಿನ ಸೈಟು ಇಡುವವರಿಗೂ ಇದೇ ಪಾಡು, ಅಲ್ಲಿ ಸೈಟಿನ ವಿಳಾಸ ಪ್ರಾಜೆಕ್ಟಿನ ಹೆಸರಿನ ಒಂದು ಮೆಟ್ಟಿಲು ಕೆಳಗಿರುತ್ತದೆ.

ಎಚ್‌ಟಿಎಂಎಲ್‌ನ ಬೇಸ್ ಟ್ಯಾಗ್ ಇದಕ್ಕೆ ಪರಿಹಾರ ಎಂದು ಹಲವರು ನಂಬುತ್ತಾರೆ. ಬೇಸ್‌ನಲ್ಲಿ /ಪರೀಕ್ಷೆ/ ಎಂದು ಬರೆದರೂ ಸ್ಲ್ಯಾಶಿನಿಂದ ಶುರುವಾಗುವ ಲಿಂಕು ಅದನ್ನು ಕೇಳುವುದಿಲ್ಲ, ರೂಟಿಗೇ ಹೋಗುತ್ತದೆ. ಜೊತೆಗೆ ಪುಟದೊಳಗೇ ಕೆಳಗಿಳಿಸುವ ಹ್ಯಾಶ್ ಲಿಂಕುಗಳು ಬೇಸ್ ವಿಳಾಸಕ್ಕೆ ಹಾರಿಬಿಡುತ್ತವೆ. ನಾನು ಮೇಷ್ಟ್ರಿಗೆ ಹೇಳಿದ್ದು ಎರಡು ದಾರಿ. ಪರೀಕ್ಷೆಗೆ ಒಂದು ಸಬ್‌ಡೊಮೇನ್ ಮಾಡಿಕೊಂಡರೆ ಅದಕ್ಕೆ ತನ್ನದೇ ರೂಟು ಇರುತ್ತದೆ, ಒಂದು ಲಿಂಕನ್ನೂ ಮುಟ್ಟಬೇಕಿಲ್ಲ. ಅದಾಗದಿದ್ದರೆ ಸೈಟು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಒಂದೇ ಜಾಗದಲ್ಲಿ, ಒಂದೇ ವೇರಿಯಬಲ್ಲಿನಲ್ಲಿ ಬರೆದಿಟ್ಟು, ಎಲ್ಲ ಲಿಂಕೂ ಅದರ ಮೂಲಕವೇ ಹುಟ್ಟುವಂತೆ ಮಾಡಬೇಕು. ಸೈಟು ನಾಳೆ ಎಲ್ಲಿಗೆ ಹೋದರೂ ಬದಲಾಯಿಸುವುದು ಒಂದೇ ಸಾಲು.

ಇಷ್ಟಾದ ಮೇಲೆ ಮೇಷ್ಟ್ರು ಹೊಸದೊಂದು ಮಾಡಿದರು. ವಾಚನಾಲಯದ ಹಳೆಯ ಸ್ಮರಣ ಸಂಚಿಕೆಗಳ ಪಿಡಿಎಫ್‌ಗಳನ್ನು ಇಳಿಸಿಕೊಳ್ಳಲು ಒಂದು ಪಿಎಚ್‌ಪಿ ಪುಟ. ಓದುಗ ಫೈಲಿನ ಹೆಸರು ಕಳಿಸುತ್ತಾನೆ, ಪುಟ ಅದನ್ನು ಫೋಲ್ಡರಿನ ಹೆಸರಿಗೆ ಅಂಟಿಸಿ ಫೈಲು ಕೊಡುತ್ತದೆ. ನೋಡಿ ನನ್ನ ಎದೆ ಧಸಕ್ಕೆಂದಿತು. "ಮೇಷ್ಟ್ರೇ, ಯಾರಾದ್ರೂ ಹೆಸರಿನ ಜಾಗದಲ್ಲಿ ಡಾಟ್ ಡಾಟ್ ಸ್ಲ್ಯಾಶ್ ಹತ್ತು ಸಲ ಹಾಕಿ ಕಳಿಸಿದ್ರೆ?"

ಬ್ರೌಸರಿನ ಲಿಂಕು ರೂಟಿಗಿಂತ ಮೇಲೆ ಹೋಗುವುದಿಲ್ಲ, ನಿಜ. ಆದರೆ ಇಲ್ಲಿ ಆ ಚುಕ್ಕಿಗಳನ್ನು ಓದುವುದು ಪಿಎಚ್‌ಪಿ, ಅದರ ಗಡಿ ಯಂತ್ರದ ರೂಟು. ಮೇಲೆ ಮೇಲೆ ಹತ್ತಿ, ಡೇಟಾಬೇಸ್ ಪಾಸ್‌ವರ್ಡ್ ಬರೆದಿಟ್ಟ ಫೈಲನ್ನೂ ಇಳಿಸಿಕೊಳ್ಳಬಹುದು. ಇದು ಹೊಸಬರಿಗಷ್ಟೇ ಇರುವ ಅಪಾಯವಲ್ಲ. 2001ರ ಸೆಪ್ಟೆಂಬರಿನಲ್ಲಿ ಹರಡಿದ ನಿಮ್ಡಾ ಎಂಬ ಹುಳು ಮೈಕ್ರೋಸಾಫ್ಟಿನ ಐಐಎಸ್ ಸರ್ವರುಗಳಿಗೆ ನುಗ್ಗಿದ ದಾರಿಗಳಲ್ಲಿ ಇದೂ ಒಂದು. ಸ್ಲ್ಯಾಶನ್ನು ವಿಚಿತ್ರವಾದ ಸಂಕೇತದಲ್ಲಿ ಬರೆದು ಕಳಿಸಿದರೆ ಸರ್ವರು ಅದನ್ನು ತಡವಾಗಿ ಗುರುತಿಸುತ್ತಿತ್ತು. 2021ರಲ್ಲಿ ಅಪಾಚೆಯ 2.4.49 ಆವೃತ್ತಿಯಲ್ಲಿ ಚುಕ್ಕಿಯನ್ನು ಶೇಕಡಾ ಚಿಹ್ನೆಯ ಸಂಕೇತದಲ್ಲಿ ಬರೆದು ಡಾಕ್ಯುಮೆಂಟ್ ರೂಟಿನಾಚೆ ಹೋಗುವ ದಾರಿ ಸಿಕ್ಕಿತು. ತಡೆಯಲು ತಂದ 2.4.50ರ ತಿದ್ದುಪಡಿ ಪೂರ್ತಿ ಸಾಲದೆ, ಅದೇ ಅಕ್ಟೋಬರಿನಲ್ಲಿ 2.4.51 ತರಬೇಕಾಯಿತು. ದಶಕಗಳಿಂದ ಪಳಗಿದವರ ಕೋಡಿನಲ್ಲೂ ಹೀಗಾಗುತ್ತದೆಂದರೆ ನಾವು ಎಷ್ಟು ಎಚ್ಚರವಿದ್ದರೂ ಕಡಿಮೆಯೇ.

ಕಾಂಪೌಂಡಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅದನ್ನು ಅಲ್ಲೇ ತಿದ್ದಿದೆವು. ಓದುಗ ಕೊಟ್ಟ ಹೆಸರನ್ನು ಫೋಲ್ಡರಿಗೆ ಸೇರಿಸಿ, ಮೊದಲು ಚುಕ್ಕಿಗಳೆಲ್ಲ ಬಿಡಿಸಿಕೊಂಡ ನಿಜವಾದ ಪೂರ್ತಿ ಪಾತನ್ನು ತೆಗೆಯಬೇಕು, ಪಿಎಚ್‌ಪಿಯ ರಿಯಲ್‌ಪಾತ್ ಅದನ್ನು ಮಾಡುತ್ತದೆ. ಆಮೇಲೆ ಆ ಪಾತು ನಮ್ಮ ಫೋಲ್ಡರಿನ ಹೆಸರಿನಿಂದಲೇ ಶುರುವಾಗಿದೆಯೇ ನೋಡಬೇಕು. ನೋಡುವಾಗ ಫೋಲ್ಡರಿನ ಹೆಸರಿನ ಕೊನೆಯ ಸ್ಲ್ಯಾಶನ್ನೂ ಸೇರಿಸಿಯೇ ನೋಡಬೇಕು. ಇಲ್ಲವಾದರೆ 'ಸಂಚಿಕೆ' ಫೋಲ್ಡರಿಗಷ್ಟೇ ಅನುಮತಿ ಎಂದುಕೊಂಡಿದ್ದರೂ ಪಕ್ಕದಲ್ಲಿರುವ 'ಸಂಚಿಕೆ-ಗುಪ್ತ' ಫೋಲ್ಡರಿನ ಹೆಸರು ಅದೇ ಅಕ್ಷರಗಳಿಂದ ಶುರುವಾಗುವುದರಿಂದ ಅದೂ ಒಳಗೆ ನುಸುಳುತ್ತದೆ. ಇದಕ್ಕೂ ಒಳ್ಳೆಯದು, ಇರುವ ಸಂಚಿಕೆಗಳ ಪಟ್ಟಿಯನ್ನೇ ಬರೆದಿಟ್ಟು ಅದರಲ್ಲಿಲ್ಲದ ಹೆಸರನ್ನು ತಿರಸ್ಕರಿಸುವುದು. ಮೇಷ್ಟ್ರು ಅದನ್ನೇ ಆರಿಸಿಕೊಂಡರು.

ಕನ್ನಡದ ಹೆಸರುಗಳ ವಿಷಯಕ್ಕೆ ಬರದಿದ್ದರೆ ಈ ಮಾತು ಪೂರ್ತಿಯಾಗದು. ಪಾತಿನಲ್ಲಿ ಕನ್ನಡ ಬರೆಯಬಹುದು, ಕನ್ನಡ ವಿಕಿಪೀಡಿಯ ಅದನ್ನೇ ಮಾಡುತ್ತಿದೆ. ಅದರ ಪುಟಗಳ ಒಳಗಿನ ಕೊಂಡಿಗಳೂ ಮೊದಲ ಸ್ಲ್ಯಾಶಿನಿಂದಲೇ ಶುರು: /ವಿಕಿ/ ಆದ ಮೇಲೆ ಲೇಖನದ ಕನ್ನಡ ಹೆಸರು. ಆದರೆ ಸರ್ವರಿಗೆ ಕಳಿಸುವಾಗ ಒಂದೊಂದು ಕನ್ನಡ ಸಂಕೇತವೂ ಮೂರು ಬೈಟಾಗಿ, ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. 'ಚಿತ್ರ' ಎಂಬಲ್ಲಿ ಗುಡಿಸು, ವಿರಾಮ ಎಲ್ಲ ಸೇರಿ ಐದು ಸಂಕೇತಗಳಿವೆ, ಅದು ಸಾಗುವಾಗ 45 ಅಕ್ಷರ. ವಾಟ್ಸಾಪಿನಲ್ಲಿ ಅಂಟಿಸಿದ ಕನ್ನಡ ಲಿಂಕು ಮಾರುದ್ದ ಕಾಣುವುದು ಇದರಿಂದ.

ಅದಕ್ಕಿಂತ ತೊಂದರೆಯದು ಬೇರೆ ಇದೆ. 'ಲೋಗೋ' ಎಂಬ ಹೆಸರನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಓತ್ವವನ್ನು ಒಂದೇ ಸಂಕೇತವಾಗಿ ಬರೆದರೆ ಒಟ್ಟು ನಾಲ್ಕು ಸಂಕೇತ. ಎತ್ವ, ಊಕಾರ, ದೀರ್ಘ ಎಂದು ಮೂರಾಗಿ ಬಿಡಿಸಿ ಬರೆದರೆ ಎಂಟು. ಕಣ್ಣಿಗೆ ಎರಡೂ ಒಂದೇ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲು ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿ ಮಾಡಿದ ಫೈಲನ್ನು ಲಿನಕ್ಸ್ ಸರ್ವರಿಗೆ ಏರಿಸಿ, ಪುಟದಲ್ಲಿ ಸಾಮಾನ್ಯ ಕೀಲಿಮಣೆಯಿಂದ ಹೆಸರು ಟೈಪು ಮಾಡಿದರೆ ಎರಡೂ ಹೊಂದದೆ 404 ಬರಬಹುದು. 'ಪಿಎನ್‌ಜಿ' ಎಂದು ಬರೆಯುವಾಗ ನಡುವೆ ಸೇರುವ ಕಾಣದ ಜೋಡಣೆ ತಡೆಯೂ ಅಂಥದ್ದೇ. ಕನ್ನಡದಲ್ಲಿ ಹೆಸರಿಡಬೇಡಿ ಎಂದು ನಾನು ಮೇಷ್ಟ್ರಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ಹೆಸರನ್ನು ಎರಡು ಕಡೆ ಎರಡು ಸಲ ಟೈಪು ಮಾಡಬೇಡಿ, ಫೈಲಿನಿಂದಲೇ ಕಾಪಿ ಮಾಡಿ, ಇಡೀ ಸೈಟಿನಲ್ಲಿ ಒಂದೇ ಬರವಣಿಗೆ ಇರಲಿ ಎಂದೆ. ನಮ್ಮ ಭಾಷೆ ವಿಳಾಸದಲ್ಲೂ ಇರಬೇಕು, ಅದಕ್ಕೆ ಬೇಕಾದ ಶಿಸ್ತನ್ನು ನಾವು ಕಲಿಯಬೇಕು.

ಕೊನೆಗೆ ಮೇಷ್ಟ್ರು ಕೇಳಿದ್ದು, "ಇಷ್ಟೆಲ್ಲ ಮಾಡಿ ಫೋಲ್ಡರು ಜೋಡಿಸಿಟ್ಟ ಮೇಲೆ, ಮುಂದೆ ಬೇಕಾದಾಗ ಬದಲಾಯಿಸಿಕೊಳ್ಳಬಹುದಲ್ವಾ?"

ರೂಟಿನಿಂದ ಬರೆದ ಪಾತು ಸೈಟಿನ ಹೊರಗಿನವರಿಗೂ ವಿಳಾಸವೇ. ಒಬ್ಬ ವಿದ್ಯಾರ್ಥಿ ತನ್ನ ಪ್ರಬಂಧದ ಅಡಿಟಿಪ್ಪಣಿಯಲ್ಲಿ /ಪುಸ್ತಕ/ಕಾದಂಬರಿ/ ಎಂದು ಬರೆದುಕೊಂಡಿರುತ್ತಾನೆ, ಯಾರೋ ಗೆಳೆಯರಿಗೆ ಕಳಿಸಿರುತ್ತಾರೆ. ನಾವು ಫೋಲ್ಡರಿನ ಹೆಸರು ಬದಲಾಯಿಸಿದ ದಿನ ಅವರೆಲ್ಲರ ಲಿಂಕು ಸಾಯುತ್ತದೆ. ಒಳ್ಳೆಯ ವಿಳಾಸಗಳು ಬದಲಾಗುವುದಿಲ್ಲ ಎಂದು ಬರ್ನರ್ಸ್-ಲೀ 1998ರಲ್ಲೇ ಒಂದು ಲೇಖನ ಬರೆದು ಒತ್ತಿ ಹೇಳಿದರು. ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಅವರು ಮಾಡಿದ ಜಗತ್ತಿನ ಮೊದಲ ವೆಬ್‌ಸೈಟನ್ನು ಆ ಸಂಸ್ಥೆ 2013ರಲ್ಲಿ ಮತ್ತೆ ತೆರೆದಿಟ್ಟಾಗ, ಹಿಂದೆ ಇದ್ದ ಅದೇ ವಿಳಾಸದಲ್ಲೇ ತೆರೆದಿಟ್ಟಿತು. ಬದಲಾಯಿಸಲೇಬೇಕಾದರೆ ಹಳೆಯ ಪಾತಿನಲ್ಲಿ 301 ರೀಡೈರೆಕ್ಟ್ ಇಟ್ಟು ಹೊಸದಕ್ಕೆ ದಾರಿ ತೋರಿಸಬೇಕು, ಅದನ್ನು ತೆಗೆಯಲೂ ಬಾರದು. ಆದ್ದರಿಂದ ಇವತ್ತೇ ಕೂತು, ಐದು ವರ್ಷವಾದರೂ ಉಳಿಯುವಂಥ ಹೆಸರುಗಳನ್ನು ಯೋಚಿಸಿ ಇಡಿ ಎಂದೆ. ವರ್ಷ, ವಿಷಯ, ಸಂಚಿಕೆ ಇಂಥವು ಉಳಿಯುತ್ತವೆ. 'ಹೊಸದು', 'ತಾತ್ಕಾಲಿಕ', 'ಕೊನೆಯ ಪ್ರತಿ' ಇಂಥವು ಬೇಗ ಹಳಸುತ್ತವೆ.

ಮೇಷ್ಟ್ರು ಒಂದು ಹಾಳೆಯಲ್ಲಿ ಫೋಲ್ಡರುಗಳ ಮರ ಬರೆದುಕೊಂಡು ಬಂದು ನನಗೆ ತೋರಿಸಿದ್ದಾರೆ, ನಾವಿಬ್ಬರೂ ಅದರ ಒಂದೊಂದು ಹೆಸರಿನ ಮೇಲೂ ವಾದಿಸುತ್ತಿದ್ದೇವೆ. ಸೈಟು ಕಟ್ಟುವ ಯಾರಿಗೇ ಆದರೂ ನಾನು ಹೇಳುವುದು ಇಷ್ಟೇ. ಪ್ರತಿ ಪಾತು ಬರೆಯುವ ಮುಂಚೆ, ಇದನ್ನು ಓದುವವರು ಯಾರು, ಅವರ ರೂಟು ಯಾವುದು ಎಂದು ಕೇಳಿಕೊಳ್ಳಿ. ಬ್ರೌಸರಿಗೆ ಸೈಟಿನ ರೂಟಿನಿಂದ ಬರೆಯಿರಿ, ಸರ್ವರಿನ ಕೋಡಿಗೆ ಆ ಫೈಲು ಇರುವ ಜಾಗದಿಂದ ಬರೆಯಿರಿ, ಹೊರಗಿನಿಂದ ಬಂದ ಹೆಸರನ್ನು ಗಡಿಯೊಳಗಿದೆಯೇ ಎಂದು ನೋಡದೆ ಮುಟ್ಟಬೇಡಿ. ಓದುಗನಿಗೆ ಪುಟ ಸಿಗುವುದು, ಮುಂದೆಯೂ ಸಿಗುತ್ತಲೇ ಇರುವುದು, ಇಷ್ಟು ಜೋಪಾನದಿಂದಲೇ.